ಕೇಳಿ ಬರುತ್ತೇನೆಂದು ಹೋದ ಚನಿಯ

ಶಿರಿಯದಿಂದ ಒಣಮೀನು ಹೊತ್ತು ತಂದು ಬದಿಯಡ್ಕದಲ್ಲಿ ಮಾರುತ್ತಿದ್ದ ಚನಿಯ, ಕ್ರಿಸ್ತಾನನಾದ ಮೇಲೂ ಚೌಕಾಸಿಯಲ್ಲಿ ಮೊದಲಿನ ಚನಿಯನೇ. ಮೀನಿಗೂ ಹೊಸ ಪರಿಮಳವೇನೂ ಬಂದಿರಲಿಲ್ಲ. ಆದರೆ ಆದಿತ್ಯವಾರ ತಕ್ಕಡಿ ಮುಟ್ಟುತ್ತಿರಲಿಲ್ಲ, ದೇವರಾಣೆ ಹಾಕುತ್ತಿರಲಿಲ್ಲ. ಆಣೆಯಿಲ್ಲದೆ ವ್ಯಾಪಾರ ಮಾಡುವವನನ್ನು ಪೇಟೆ ಕಂಡದ್ದು ಅದೇ ಮೊದಲು.

ದೇವರ ಹತ್ತು ಆಜ್ಞೆಗಳು ಅವನಿಗೆ ಬಹಳ ಬೇಗ ಅರ್ಥವಾಗಿಬಿಟ್ಟಿದ್ದವು. ಆಪತ್ತು ಅಲ್ಲೇ ಇದ್ದದ್ದು. ಅವು ವರ್ಷವರ್ಷದ ಚಾಲಗೇಣಿಯ ಷರತ್ತುಗಳೆಂದು ತಿಳಿದಿದ್ದ: ಒಂದು ತಪ್ಪಿದರೆ ಒಡೆಯ ಒಕ್ಕಲೆಬ್ಬಿಸುತ್ತಾನೆ. ಎಬ್ಬಿಸಿದ್ದನ್ನು ಕಂಡವನು ಅವನು. ಅಪ್ಪ ಬಟ್ಯ ಆಡಿನ ಸೊಪ್ಪಿಗೆಂದು, ಧಣಿಯನ್ನು ಕೇಳದೆ, ಹಲಸಿನ ಒಂದು ಗೆಲ್ಲು ಕಡಿದಿದ್ದ. ಗದ್ದೆಯೂ ಹೋಯಿತು, ಮನೆಯೂ ಹೋಯಿತು. ಅಮ್ಮ ಮಂಗಲ್ಪಾಡಿಯ ದಾರಿ ಬದಿಯಲ್ಲಿ ಗಂಜಿ ಬೇಯಿಸಿದ್ದಳು.

ಯುದ್ಧ ಮುಗಿದ ವರ್ಷ, ಒಂದು ಮಧ್ಯಾಹ್ನ, ಬಟ್ಯನಿಗೆ ಮೇಲುಸಿರು ಹತ್ತಿತು. ತಂಗಿ ಕಿನ್ನಿ ತುಳಸಿ ಹಾಕಿದ ನೀರಿನ ಗಿಂಡಿಯನ್ನು ಚನಿಯನ ಮುಂದೆ ಹಿಡಿದಳು.

"ಬಾಯಿಗೆ ಒಂದು ಹನಿ ಬಿಡಣ್ಣ. ಅಪ್ಪನಿಗೆ ನಿನ್ನ ಕೈಯದ್ದೇ ಬೇಕಂತೆ."

ಚನಿಯ ತುಳಸಿಯನ್ನು ನೋಡಿದ. ಬೇರೆ ದೇವರು ಕೂಡದೆಂಬುದು ಮೊದಲನೆಯ ಷರತ್ತು. ತಂದೆತಾಯಿಯನ್ನು ಗೌರವಿಸೆಂಬುದೂ ಅದೇ ಕರಾರಿನಲ್ಲಿತ್ತು. ಯಾವುದಕ್ಕೆ ತಪ್ಪುವುದು?

"ಉಪದೇಶಿಗಳನ್ನು ಒಂದು ಮಾತು ಕೇಳಿ ಬರ್ತೇನೆ."

"ನೀರು ಕೊಡ್ಲಿಕ್ಕೂ ಅಪ್ಪಣೆ ಬೇಕಾ?"

"ಕೇಳದೆ ಮಾಡಿ ಒಮ್ಮೆ ದಾರಿಗೆ ಬಿದ್ದದ್ದು ಸಾಕು."

ಅವನು ಹೊರಟ. ಬಟ್ಯನ ಕಣ್ಣು ಮಗನ ಬೆನ್ನಿನ ಮೇಲೇ ಇತ್ತು.

ಉಪ್ಪಳದಲ್ಲಿ, ಅವನಿಗೆ ಬೈಬಲ್ ಕಲಿಸಿದ್ದ ಉಪದೇಶಿ ಅವನ ಮಾತು ಮುಗಿಯುವ ಮೊದಲೇ ಎದ್ದು ನಿಂತರು.

"ಎಂತ ಮಾಡಿದೆ ಮಾರಾಯ! ದೇವರು ಮೊದಲು ತನ್ನ ಜನರನ್ನು ಐಗುಪ್ತ ದೇಶದ ಅರಸನ ಬಿಟ್ಟಿ ಚಾಕರಿಯಿಂದ ಬಿಡಿಸಿದ್ದು. ನಾನು ನಿಮ್ಮವನು ಅಂತ ಹೇಳಿದ್ದು. ಆಜ್ಞೆ ಕೊಟ್ಟದ್ದು ಆಮೇಲೆ. ಓಡಿಸ್ಲಿಕ್ಕೆ ನೆಪ ಹುಡುಕುವವನ ಷರತ್ತಾ ಅದು? ಇದು ಮೂಲಗೇಣಿ, ಮಕ್ಕಳ ಕಾಲಕ್ಕೂ ಉಂಟು. ಅಪ್ಪನ ಬಾಯಿಗೆ ಎಲೆ ಬಿದ್ದ ನೀರು ಬಿಟ್ಟರೆ ಒಡಂಬಡಿಕೆ ಮುರಿಯುವುದಿಲ್ಲ. ಓಡು!"

ಇದನ್ನು ದೀಕ್ಷಾಸ್ನಾನದ ದಿನವೇ ಹೇಳಬಾರದಿತ್ತೇ ಎಂದು ಕೇಳಲಿಕ್ಕೂ ಚನಿಯ ನಿಲ್ಲಲಿಲ್ಲ.

ಅಂಗಳದಲ್ಲಿ ನೆರೆಯವರು ಸೇರಿದ್ದರು. ಅವನನ್ನು ಕಂಡು ದಾರಿ ಬಿಟ್ಟರು. ಒಳಗೆ ಕಿನ್ನಿ ಅಪ್ಪನ ಗಲ್ಲಕ್ಕೆ ಬಟ್ಟೆ ಕಟ್ಟುತ್ತಿದ್ದಳು.

"ಕೊಡಬಹುದಂತೆ," ಎಂದ ಚನಿಯ ಏದುತ್ತ.

ಕಿನ್ನಿ ಗಂಟು ಬಿಗಿದಳು.

"ಯಾರಿಗಣ್ಣ? ನನ್ನ ಕೈಯ ನೀರಿಗೆ ಬಾಯಿ ತೆರೆಯಲೇ ಇಲ್ಲ. ನೀನು ಬರ್ತಿ ಅಂತ ಬಾಗಿಲನ್ನೇ ನೋಡ್ತಾ ಇದ್ದರು."