ಬಿಲ್ಲೆ ಬಿಚ್ಚಿಟ್ಟ ಮುಕಾದಮರು

ಎಡತೋಳಿನ ಹಿತ್ತಾಳೆ ಬಿಲ್ಲೆಯನ್ನು ಅವರು ದಿನಾ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ಅದರ ಮೇಲಿನ ಅಂಕಿ ಅರ್ಧ ಸವೆದಿತ್ತು. ಎಳೆಬಿಸಿಲು ಬಿಲ್ಲೆಗೆ ತಾಗಿದರೆ ಎದುರಿನ ಗೋಡೆಯ ಮೇಲೆ ಒಂದು ಬೆಳಕಿನ ಚುಕ್ಕೆ ಓಡಾಡುತ್ತಿತ್ತು. ಅದು ಕಂಡರೆ ಸಾಕು, ಮುಕಾದಮರು ಬಂದಿದ್ದಾರೆ ಎಂದು ನನ್ನ ಕೋಣೆಯಿಂದಲೇ ತಿಳಿಯುತ್ತಿತ್ತು.

ನಾನು ಆಗ ಕಲಬುರಗಿ ನಿಲ್ದಾಣದ ಉಸ್ತುವಾರಿಯಲ್ಲಿದ್ದೆ. ಹೊತ್ತಿಗೆ ಸರಿಯಾಗಿ ಏಳುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಗಡಿಯಾರ ನೋಡಿ ಸಿಟ್ಟಾಗುವುದು ನನ್ನ ಸ್ವಭಾವ. ಅವರು ಪ್ರಯಾಣಿಕರ ಸಾಮಾನು ಹೊರುವ ಕೆಂಪಂಗಿ ಹಮಾಲರ ಮುಂದಾಳು. ಶಿಸ್ತಿನಲ್ಲಿ ನನಗಿಂತ ಒಂದು ಕೈ ಮೇಲು. ಅಂಗಿಯ ಗುಂಡಿ ಹರಿದವನನ್ನು ಪ್ಲಾಟ್‌ಫಾರ್ಮಿಗೆ ಬಿಡುತ್ತಿರಲಿಲ್ಲ. ಹೊರೆ ಎತ್ತುವ ಮೊದಲು ಪ್ರಯಾಣಿಕರನ್ನು ಒಂದು ಮಾತು ಕೇಳುತ್ತಿದ್ದರು: "ಯಾವ ಕೆಲಸಕ್ಕ ಹೊಂಟೀರಿ?" ಲಗ್ನಕ್ಕೆ ಎಂದರೆ ಗುನುಗುತ್ತ ಜೋರು ನಡಿಗೆ. ದವಾಖಾನೆಗೆ ಎಂದರೆ ಚೀಲ ಅಲುಗದ ಹಾಗೆ, ರೋಗಿಯ ಪಕ್ಕದಲ್ಲೇ. ಇದನ್ನೆಲ್ಲ ಯಾಕೆ ಕೇಳುತ್ತೀರಿ ಎಂದು ಒಮ್ಮೆ ವಿಚಾರಿಸಿದೆ.

"ತಲಿ ಮ್ಯಾಲ ಏನದ ಅಂತ ಕಾಲಿಗೆ ಗೊತ್ತಿರಬೇಕಲ್ರಿ ಸಾಹೇಬ್ರ" ಎಂದರು.

ಜಗಳ ಹುಟ್ಟಿದ್ದು ಕಮಲಾಪುರದ ಕೆಂಪು ಬಾಳೆಯಿಂದ. ಆ ಕಡೆಗೆ ರೈಲು ಓಡತೊಡಗಿದ ಮೇಲೆ ಬಾಳೆಹಣ್ಣು ಮಾರುವ ಹೆಣ್ಣುಮಕ್ಕಳು ಬುಟ್ಟಿ ತುಂಬಿಕೊಂಡು ಕಲಬುರಗಿಗೆ ಬಂದು, ಇಲ್ಲಿಂದ ಸೊಲ್ಲಾಪುರದ ಗಾಡಿ ಹಿಡಿಯುತ್ತಿದ್ದರು. ಬುಟ್ಟಿಯನ್ನು ಆ ಗಾಡಿಯಿಂದ ಈ ಗಾಡಿಗೆ ದಾಟಿಸುವವರು ಯಾರು? ಒಡತಿ ಜೊತೆಗೇ ಇದ್ದಾಳೆ, ಇದು ಪ್ರಯಾಣಿಕರ ಸಾಮಾನು, ನಮ್ಮ ಕೆಲಸ ಎಂದರು ಕೆಂಪಂಗಿಯವರು. ಇದು ಮಾರುವ ಮಾಲು, ನಮ್ಮದು ಎಂದರು ನೀಲಿ ಅಂಗಿಯ ಪಾರ್ಸಲ್ ಹಮಾಲರು. ಒಂದೇ ಬುಟ್ಟಿಗೆ ಎರಡು ಕಡೆಯಿಂದ ಕೈ. ಒಂದು ದಿನ ಎಳೆದಾಟದಲ್ಲಿ ಬುಟ್ಟಿ ಹರಿದು ಹಣ್ಣು ಹಳಿಯ ಮೇಲೆ ಉರುಳಿದವು.

ನಾನು ಆಜ್ಞೆ ಹೊರಡಿಸಿದೆ. ಮೇಲಿನಿಂದ ತೀರ್ಮಾನ ಬರುವತನಕ ಯಾವ ಹಮಾಲನೂ ಬಾಳೆ ಬುಟ್ಟಿ ಮುಟ್ಟಕೂಡದು. ಮುಟ್ಟಿದರೆ ಕೆಂಪಂಗಿಯವರ ಪರವಾನಗಿ ಬಿಲ್ಲೆ ರದ್ದು, ನೀಲಿ ಅಂಗಿಯವರಿಗೆ ಕೆಲಸವಿಲ್ಲ.

ಆ ಮಾತು ಉಳಿದವರಿಗಿಂತ ಮುಕಾದಮರಿಗೆ ಹೆಚ್ಚು ಭಾರ. ಮೊಣಕಾಲು ಸೋತು, ಆ ವರ್ಷವೇ ಕೆಲಸ ಬಿಡುವವರಿದ್ದರು. ಬಿಲ್ಲೆ ಮಗಳ ತೋಳಿಗೆ ಹೋಗಬೇಕಿತ್ತು. ಅವಳೇ ಹಟ ಹಿಡಿದು ಕೇಳಿದ್ದಳು. ಜೋಳದ ಚೀಲ ತಲೆ ಮೇಲಿಟ್ಟುಕೊಂಡು ಅಂಗಳ ಸುತ್ತುತ್ತಾಳೆ ಎಂದು ಚಹಾದಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ರದ್ದಾದ ಬಿಲ್ಲೆ ಮಾತ್ರ ಯಾರಿಗೂ ದಾಟುವುದಿಲ್ಲ.

ಆಜ್ಞೆಯಾದ ಮರುದಿನವೇ ಕಮಲಾಪುರದ ಒಬ್ಬ ಮುದುಕಿ ಎರಡು ಬುಟ್ಟಿಯೊಂದಿಗೆ ಇಳಿದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಸೊಲ್ಲಾಪುರದ ಗಾಡಿ ಆಗಲೇ ಬಂದು ನಿಂತಿತ್ತು. ಈ ಕಡೆ ಕೆಂಪು, ಆ ಕಡೆ ನೀಲಿ, ಎಲ್ಲರೂ ಕೈಕಟ್ಟಿ ನಿಂತವರೇ.

"ಏನ್ರೋ, ಎರಡು ರಂಗಿನ ಗೊಂಬಿ ನಿಂದ್ರಿಸ್ಯಾರೇನು ಇಲ್ಲಿ? ಗಾಡಿ ಹೋಗ್ತದ, ಎತ್ರೋ!"

"ಸಾಹೇಬ್ರ ಹುಕುಂ ಅದ ಆಯಿ."

"ಹುಕುಂ ಹಣ್ಣಿಗೆ ತಿಳೀತದೇನು? ನಾಳಿಗೆ ಎಲ್ಲಾ ಕರ್ರಗಾಗ್ತಾವ!" ಎಂದು ತಾನೇ ಒಂದು ಬುಟ್ಟಿ ಎತ್ತಹೋಗಿ ಜೋಲಿ ಹೊಡೆದಳು.

ಮುಕಾದಮರು ನೇರ ನನ್ನೆದುರು ಬಂದರು. ತೋಳಿನ ದಾರ ಬಿಚ್ಚಿ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟರು. ಅದು ಇನ್ನೂ ಬೆಚ್ಚಗಿತ್ತು.

"ಕೆಲಸ ಬಿಡುತ್ತಿದ್ದೀರಾ?" ಎಂದೆ.

"ಇಲ್ರಿ, ಜರಾ ಸೂಟಿ. ನನ್ನ ಹೆಂಡ್ತಿ ತವರುಮನಿ ಕಮಲಾಪುರ. ಹಂಗಂದ ಮ್ಯಾಲ ಈಕಿ ನನಗ ಅತ್ತಿ. ಅತ್ತಿ ಬುಟ್ಟಿ ಅಳಿಯ ಹೊರಬಾರದು ಅಂತ ನಿಮ್ಮ ಹುಕುಮಿನಾಗ ಅದ ಏನ್ರಿ?"

ಇರಲಿಲ್ಲ.

ಅವರು ಬುಟ್ಟಿ ತಲೆಗೇರಿಸುವುದರೊಳಗೆ ಪಾರ್ಸಲ್ ಗುಂಪಿನ ಹಿರಿಯ ಕೂಗಿದ: "ಏ ಮುಕಾದಮಾ, ನೀ ಒಬ್ನೇ ಮೆರೀಬ್ಯಾಡ! ನಮ್ಮವ್ವನ ಊರೂ ಅದೇ. ಈಕಿ ನನಗ ದೊಡ್ಡವ್ವ!" ನೀಲಿ ಅಂಗಿ ಕಳಚಿ ಬೆಂಚಿನ ಮೇಲೆ ಒಗೆದು, ಬನಿಯನ್ನಿನಲ್ಲೇ ಎರಡನೆಯ ಬುಟ್ಟಿ ಎತ್ತಿದ.

ಬೋಗಿಯ ಬಾಗಿಲಲ್ಲಿ ನಿಂತು ಆಯಿ ಹೇಳಿದಳು: "ಯವ್ವಾ, ಮುಂಜಾನಿ ಒಬ್ಬಾಕಿನೇ ಮನಿ ಬಿಟ್ಟಿದ್ದೆ. ಈಗ ನೋಡ್ರಿ ನನ್ನ ಬಳಗ!" ಇಡೀ ಪ್ಲಾಟ್‌ಫಾರ್ಮು ನಕ್ಕಿತು. ಸಮವಸ್ತ್ರದಲ್ಲಿದ್ದಾಗ ನಾನು ನಗುವವನಲ್ಲ. ಅಂದು ನಕ್ಕೆ.

ಹೋಗುವಾಗ ಅವಳು ಒಂದು ಚಿಪ್ಪು ಹಣ್ಣು ಕೆಳಗಿಟ್ಟು ಹೋಗಿದ್ದಳು. ಎರಡೂ ಗುಂಪಿನವರು ಬೇವಿನ ಮರದ ಕೆಳಗೆ ಕೂತು ಅದನ್ನು ತಿನ್ನುತ್ತ ತಾವೇ ಮಾತು ಮುಗಿಸಿದರು. ಮುಂಜಾನೆಯ ಬುಟ್ಟಿ ಕೆಂಪಂಗಿಯವರಿಗೆ, ಸಂಜೆಯದು ನೀಲಿ ಅಂಗಿಯವರಿಗೆ. ನಾನು ಅದನ್ನೇ ನಿಯಮ ಮಾಡಿದೆ. ಮೇಲಿನ ತೀರ್ಮಾನ ಇನ್ನೂ ಬಂದಿಲ್ಲ. ಯಾರೂ ಕಾಯುತ್ತಲೂ ಇಲ್ಲ.

ಬಿಲ್ಲೆ ಹಿಂತಿರುಗಿಸಿದಾಗ ಮುಕಾದಮರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಸಾಹೇಬ್ರ, ಕೊಡೋ ಮುಂದ ಜರಾ ಉಜ್ಜಿ ಕೊಡಬೇಕಿತ್ರಿ."

ಆ ವರ್ಷ ಮುಗಿಯುವುದರೊಳಗೆ ಅದು ಮಗಳ ತೋಳೇರಿತು. ಅವರು ಚಹಾದಂಗಡಿಯ ಬೆಂಚಿನಲ್ಲಿ ಕೂತು, ಬಶಿಯಲ್ಲಿ ಚಹಾ ಆರಿಸಿಕೊಳ್ಳುತ್ತ, ಅವಳ ನಡಿಗೆಯಲ್ಲಿ ತಪ್ಪು ಹುಡುಕುತ್ತಿದ್ದರು. ಅಷ್ಟು ಸುಖವಾಗಿ ಬೈಯುವ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ. ಹೋದ ವರ್ಷ ತೀರಿಕೊಂಡರು. ಶಹಾಬಜಾರದ ಓಣಿಯಿಂದ ಅವರನ್ನು ಒಯ್ಯುವಾಗ ಹೆಗಲು ಕೊಟ್ಟವರಲ್ಲಿ ಕೆಂಪಂಗಿಯೂ ಇತ್ತು, ನೀಲಿ ಅಂಗಿಯೂ ಇತ್ತು. ಇದು ಯಾರ ಕೆಲಸ ಎಂದು ಯಾರೂ ಕೇಳಲಿಲ್ಲ.

ನಾನೀಗ ನಿವೃತ್ತ. ಮೊನ್ನೆ ಕಮಲಾಪುರದ ಗೆಳೆಯರ ಮನೆಗೆ ಹೋಗಿ, ಅವರು ಬಿಡದೆ ಕೊಟ್ಟ ಒಂದು ಬುಟ್ಟಿ ಕೆಂಪು ಬಾಳೆಯೊಂದಿಗೆ ಕಲಬುರಗಿಯಲ್ಲಿ ಇಳಿದೆ. ಎದುರು ಗೋಡೆಯ ಮೇಲೆ ಬೆಳಕಿನ ಚುಕ್ಕೆ ಓಡಿತು. ಹಿಂದೆಯೇ ಮುಕಾದಮರ ಮಗಳು.

"ಯಾವ ಕೆಲಸಕ್ಕ ಹೋಗಿದ್ರಿ ಕಾಕಾ?"

"ಹಣ್ಣು ತಿನ್ನಲಿಕ್ಕೆ."

"ಹಂಗಾದ್ರ ಆರಾಮ ನಡೀರಿ" ಎಂದಳು. ಕೂಲಿ ಕೊಡಲೆಂದು ನಾನು ಜೇಬಿಗೆ ಕೈ ಹಾಕಿದ್ದೇ ತಡ, ತೋಳಿನ ದಾರ ಬಿಚ್ಚಿ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟು, ಬುಟ್ಟಿ ತಲೆಗೇರಿಸಿ ಮುಂದೆ ನಡೆದಳು. ನಾನು ಹಿಂದೆ ನಡೆದೆ. ಹೊರಗೆ ಆಟೋದ ಹತ್ತಿರ ಅವಳು ಕೈ ಚಾಚಿದಾಗ, ಈ ಸಲ ಕರವಸ್ತ್ರದಿಂದ ಚೆನ್ನಾಗಿ ಉಜ್ಜಿ ಕೊಟ್ಟೆ.