ಫುಲ್ ಮಾರ್ಕ್ಸ್ ನಂಬದ ಕನ್ನಡ ಮೇಷ್ಟ್ರು

ಮೇಷ್ಟ್ರ ಬಲಗಣ್ಣು ಎಡಗಣ್ಣಿಗಿಂತ ಕೊಂಚ ಚಿಕ್ಕದು. ಯಾವುದಾದರೂ ಮಾತಿನ ಮೇಲೆ ಅನುಮಾನ ಬಂದರೆ ಅದು ಇನ್ನಷ್ಟು ಮುಚ್ಚಿಕೊಂಡು, ಹುಬ್ಬು ಕನ್ನಡಕದ ಮೇಲಕ್ಕೆ ಹತ್ತುತ್ತಿತ್ತು. ಅವರಿಗೆ ಅನುಮಾನ ಬರದ ಮಾತೇ ಕಡಿಮೆ. ಟೀ ಕೊಟ್ಟರೆ ಮೂಸಿ ನೋಡಿ, “ಹಾಲಾ, ಪುಡಿನಾ?” ಎನ್ನುವರು.

ಪೆರೇಸಂದ್ರ ದಾಟಿ ಹೆದ್ದಾರಿ ಪಕ್ಕದಲ್ಲಿರುವ ಶಾಲೆಯಲ್ಲಿ ಅವರು ಕನ್ನಡ ಕಲಿಸುತ್ತಿದ್ದರು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವವರ ಮನೆಯವರು, ಮನೆಮಾತು ಉರ್ದು. ಶಾಲೆಗೆ ಒಂದೇ ಕಾಂಪೌಂಡು, ಎರಡು ಕಟ್ಟಡ. ಒಂದರಲ್ಲಿ ನಮ್ಮ ರಾಜ್ಯದ ಪಠ್ಯ, ಇನ್ನೊಂದರಲ್ಲಿ ವಿದೇಶಿ ಪಠ್ಯ. ಫ್ಯಾಕ್ಟರಿ ಕೆಲಸಕ್ಕೆ ಬಂದ ಕೊರಿಯಾದವರ, ಜಪಾನಿನವರ ಮಕ್ಕಳೂ ನಮ್ಮ ಮಕ್ಕಳೂ ಊಟಕ್ಕೆ ಮಾತ್ರ ಒಟ್ಟಿಗೆ ಕೂರುತ್ತಿದ್ದರು. ನನಗೆ ಆ ಜಾಗದ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ದೇವರ ಹೆಸರೇ ಇರಲಿಲ್ಲ. ಕಣ್ಣು ಮುಚ್ಚಿ ಉಸಿರಾಡಿ ಎನ್ನುತ್ತಿದ್ದರು. ಉಸಿರಾಡುವುದಕ್ಕೆ ಶಾಲೆ ಯಾಕೆ ಬೇಕು?

ಅಲ್ಲಿಯವರೆಗೆ ರಾಜ್ಯದ ಪಠ್ಯ ಓದಿದ್ದ ಮಗಳು ಎಂಟನೆಯ ತರಗತಿಗೆ ಬಂದಾಗ ನಮ್ಮ ಯಜಮಾನರು ಅವಳನ್ನು ವಿದೇಶಿ ಪಠ್ಯಕ್ಕೆ ಹಾಕಿದರು. ಎರಡು ವರ್ಷ ಇಂಗ್ಲಿಷ್ ಚೆನ್ನಾಗಲಿ, ಹತ್ತನೆಯದಕ್ಕೆ ರಾಜ್ಯದ ಪರೀಕ್ಷೆಯನ್ನೇ ಬರೆದು ಚಿಕ್ಕಬಳ್ಳಾಪುರದ ಕಾಲೇಜು ಸೇರಲಿ ಎಂಬುದು ಅವರ ಯೋಚನೆ. ಆ ಕಟ್ಟಡದ ಮೇಡಂ, “ಯಾವಾಗ ಬೇಕಾದ್ರೂ ವಾಪಸ್ ಬರಬಹುದು ಸರ್,” ಎಂದಿದ್ದರು. ಆಮೇಲೆ, “ಮನೇಲಿ ಯಾವ ಭಾಷೆ?” ಎಂದು ಕೇಳಿದರು. ನಮ್ಮವರು ಎದೆಯುಬ್ಬಿಸಿ, “ತೆಲುಗು ಮೇಡಂ, ಪಕ್ಕಾ ತೆಲುಗು,” ಎಂದರು. ನಮ್ಮ ಕಡೆ ಒಲೆಯ ಮುಂದೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮೇಡಂ ಅಷ್ಟಕ್ಕೇ ಕನ್ನಡ ಬಾರದ ಹುಡುಗಿಯೆಂದು ತಿಳಿದು, ಕನ್ನಡಕ್ಕೆ ಅವಳನ್ನು ಕೊರಿಯಾದ ಮಕ್ಕಳ ಜೊತೆ ಕೂರಿಸಿಬಿಟ್ಟರು. ಅದು ನಮಗೆ ತಿಳಿಯಲಿಲ್ಲ.

“ಅಮ್ಮಾ, ಕನ್ನಡದಲ್ಲಿ ಫುಲ್ ಮಾರ್ಕ್ಸ್!” ಎಂದು ಮಗಳು ಕುಣಿದಳು. ನಾನು ಆಂಜನೇಯನಿಗೆ ಕಾಯಿ ಒಡೆಸಿದೆ. ಆದರೂ ಒಳಗೊಳಗೇ ಚುಚ್ಚುತ್ತಿತ್ತು. ಹುಡುಗಿ ಪುಸ್ತಕ ತೆರೆದದ್ದನ್ನೇ ನಾನು ಕಂಡಿರಲಿಲ್ಲ.

ಅವಳು ಒಂಬತ್ತನೆಯ ತರಗತಿಗೆ ಬಂದ ಮೇಲೆ ಒಂದು ದಿನ ಮೇಷ್ಟ್ರು ನನಗೆ ಹೇಳಿಕಳಿಸಿದರು. ಬೆಳೆದ ಹುಡುಗಿಯ ವಿಷಯ ಈ ಮನುಷ್ಯನಿಗೆ ಯಾಕೆ ಬೇಕೆಂದು ಅತ್ತೆಯನ್ನೂ ಕರೆದುಕೊಂಡು ಹೋದೆ. ಮೇಷ್ಟ್ರಿಗೆ ತೆಲುಗು ಬಾರದೆಂದುಕೊಂಡು ಅತ್ತೆ ಎದುರಿಗೇ, “ಈಯನ್ಕೇಂ ಪನಿ ಮನತೋ?” ಎಂದರು, ಇವರಿಗೇನು ಕೆಲಸ ನಮ್ಮ ಹತ್ತಿರ ಎಂದು. ಮೇಷ್ಟ್ರು ನಕ್ಕು, “ಪನಿ ಉಂದಮ್ಮಾ, ಕೂತ್ಕೊಳ್ಳಿ,” ಎಂದಾಗ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

“ನಿಮ್ ಮಗಳಿಗೆ ಫುಲ್ ಮಾರ್ಕ್ಸ್ ಬಂದಿದೆ. ನಂಗೆ ಅದೇ ಭಯ ಕಣಮ್ಮ.”

“ಯಾಕೆ, ಕಾಪಿ ಹೊಡೆದಿದ್ದಾಳಾ?”

“ಹೊಡೆದಿದ್ರೆ ವಾಸಿ, ಏನೋ ಕಷ್ಟದ್ದಿತ್ತು ಅನ್ಕೋಬಹುದಿತ್ತು. ಇದು ಬಸ್ಸು, ಮಾವಿನಹಣ್ಣು, ನಮಸ್ಕಾರ. ಹೊರದೇಶದ ಮಕ್ಳಿಗೆ ಅಂತ ಮಾಡಿರೋ ಕನ್ನಡ. ಇದನ್ನಿಟ್ಕೊಂಡು ಹತ್ತನೇ ಕ್ಲಾಸಿನ ಪರೀಕ್ಷೆ ಹೆಂಗೆ ಬರೀತಾಳೆ?”

“ಮನೇಲಿ ತೆಲುಗು ಅಂತ ಹಂಗೆ ಹಾಕಿದಾರೇನೋ...”

“ನಮ್ಮನೇಲಿ ಉರ್ದು. ಹಂಗಂತ ನನ್ನೂ ಅ ಆ ತಿದ್ದಕ್ಕೆ ಕೂರಿಸ್ತಾರಾ?”

ಅವರ ಮಾತನ್ನೂ ನಾನು ನಂಬಲಿಲ್ಲ. ಸಂಜೆ ಪಕ್ಕದ ಮನೆಯಿಂದ ರಾಜ್ಯದ ಪಠ್ಯದ ಒಂಬತ್ತನೆಯ ತರಗತಿಯ ಕನ್ನಡ ಪುಸ್ತಕ ತಂದು ಓದೆಂದು ಕೊಟ್ಟೆ. ಆರನೆಯ ತರಗತಿಯಲ್ಲಿ ಅಜ್ಜಿಗೆ ಗಟ್ಟಿಯಾಗಿ ಕಥೆ ಓದಿ ಹೇಳುತ್ತಿದ್ದ ಹುಡುಗಿ ಈಗ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ತಡವರಿಸಿದಳು. ಸ್ವಲ್ಪ ಹೊತ್ತಿಗೆ ಪುಸ್ತಕ ಮಡಚಿ, “ನಂಗೆ ಬರಲ್ಲಮ್ಮ,” ಎಂದು ಅತ್ತಳು. ಯಜಮಾನರು ಊಟ ಬಿಟ್ಟು ಎದ್ದುಹೋದರು.

ಮುಂದಿನ ಪೋಷಕರ ಸಭೆಯಲ್ಲಿ ನಮ್ಮವರು, ಮಗಳನ್ನು ವಾಪಸ್ ಕಳಿಸಿ ಎಂದರು. ಮೇಡಂ ನಗುತ್ತಲೇ, “ಯಾವಾಗ ಬೇಕಾದ್ರೂ ಬರಬಹುದು ಸರ್, ಆದ್ರೆ ಈಗ ಬೇಡ,” ಎಂದರು. ಹಿಂದಿನ ಬೆಂಚಿನಿಂದ ಮೇಷ್ಟ್ರು ಎದ್ದು ನಿಂತರು.

“ಹಂಗೆ ವಾಪಸ್ ಬಂದಿರೋ ಒಂದು ಮಗೂನ ತೋರ್ಸಿ ಮೇಡಂ, ಸಾಕು.”

ಮೇಡಂ ಲೋಟ ಎತ್ತಿ ನೀರು ಕುಡಿದರು. ತೋರಿಸಲು ಯಾರೂ ಇರಲಿಲ್ಲ. ಕಡೆಗೆ, “ಫೇಲಾದ್ರೆ ಸ್ಕೂಲ್ ರಿಸಲ್ಟ್ ಹಾಳಾಗುತ್ತೆ. ಯಾರು ಜವಾಬ್ದಾರಿ?” ಎಂದರು.

“ನಾನು,” ಎಂದರು ಮೇಷ್ಟ್ರು. ಅದೇ ಶಾಲೆಯ ಸಂಬಳದಲ್ಲಿದ್ದ ಮನುಷ್ಯ, ಎಲ್ಲರ ಮುಂದೆ.

ಮಗಳು ರಾಜ್ಯದ ಪಠ್ಯಕ್ಕೆ ಮರಳಿದಳು. ಊಟದ ಬಿಡುವಿನಲ್ಲಿ ಮೇಷ್ಟ್ರು ಜಗಲಿಯಲ್ಲಿ ಅವಳಿಗೆ ಪಾಠ ಹೇಳುತ್ತಿದ್ದರು. ಬಿಡುವಾದಾಗೆಲ್ಲ ನಾನೂ ಬಸ್ಸು ಹತ್ತಿ ಹೋಗಿ ಜಗಲಿಯ ತುದಿಯಲ್ಲಿ ಹೂ ಕಟ್ಟುತ್ತ ಕೂರುತ್ತಿದ್ದೆ. ಯಾಕೆಂದು ಅವರಿಗೆ ಗೊತ್ತಿತ್ತು. “ಕೂತ್ಕೊಳ್ಳಿ ತಾಯಿ, ನಂಗೂ ಹೆಣ್ಮಕ್ಳಿದಾರೆ. ನಾನಾಗಿದ್ರೂ ಬಂದು ಕೂರ್ತಿದ್ದೆ,” ಎಂದರು.

ಪರೀಕ್ಷೆ ಬಂದ ವರ್ಷ ರಾಮನವಮಿ ರಂಜಾನ್ ತಿಂಗಳಲ್ಲೇ ಬಿತ್ತು. ನಾನು ತಿಳಿಯದೆ ಮಧ್ಯಾಹ್ನ ಪಾನಕದ ಬಾಟಲಿ ಮುಂದಿಟ್ಟೆ. ಹನಿ ನೀರೂ ಕುಡಿಯದೆ ಬೆಳಗಿನಿಂದ ಪಾಠ ಹೇಳಿದ್ದ ಗಂಟಲು ಅದು. ಬೇಡವೆನ್ನಲಿಲ್ಲ. “ಸಂಜೆ ಉಪವಾಸ ಬಿಡೋವಾಗ ಇದನ್ನೇ ಕುಡೀತೀನಿ. ಮೆಣಸು ಜಾಸ್ತಿ ಹಾಕಿಲ್ಲ ತಾನೆ?” ಎಂದು ಚೀಲದೊಳಗೆ ಇಟ್ಟುಕೊಂಡರು.

ಮಗಳು ಪಾಸಾದಳು. ಕನ್ನಡದಲ್ಲಿ ಫುಲ್ ಮಾರ್ಕ್ಸ್ ಬರಲಿಲ್ಲ. ಬಂದಷ್ಟನ್ನು ದೇವರ ಮುಂದಿಟ್ಟು ಕೈಮುಗಿದೆ. ಈಗ ಅವಳು ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದುತ್ತಿದ್ದಾಳೆ. ಹೋದ ಚಳಿಗಾಲದಲ್ಲಿ ಎದೆನೋವೆಂದು ಮಲಗಿದ ಮೇಷ್ಟ್ರು ಏಳಲಿಲ್ಲ. ಸಂಜೆ ದೀಪ ಹಚ್ಚುವಾಗ ನಮ್ಮ ಮನೆಯ ಹಿರಿಯರ ಜೊತೆ ಅವರನ್ನೂ ನೆನೆಯುತ್ತೇನೆ. ಅತ್ತೆಯೇ ಬತ್ತಿಗೆ ಎಣ್ಣೆ ಹಾಕುತ್ತಾರೆ.

ಈಚೆಗೆ ಚಿಕ್ಕ ಮಗಳ ಸಲುವಾಗಿ ಅದೇ ಶಾಲೆಯ ಸಭೆಗೆ ಹೋಗಿದ್ದೆ. ಚಿಂತಾಮಣಿಯಿಂದ ಬಂದಿದ್ದ ತಾಯಿಯೊಬ್ಬಳು, ವಿದೇಶಿ ಪಠ್ಯಕ್ಕೆ ಹೋದರೆ ಹಿಂದಕ್ಕೆ ಬರಬಹುದೇ ಎಂದು ಕೇಳಿದಳು. ಮೇಡಂ ಅದೇ ನಗುವಿನಲ್ಲಿ, “ಖಂಡಿತ ಬರಬಹುದಮ್ಮ. ಬಂದು, ರಾಜ್ಯದ ಪರೀಕ್ಷೆ ಬರೆದು ಪಾಸಾದ ಹುಡುಗೀನೇ ಇದಾಳೆ ನಮ್ಮಲ್ಲಿ,” ಎಂದರು.

ನಾನು ಎದ್ದು ನಿಂತೆ.

“ಆ ಹುಡುಗಿ ತಾಯಿ ನಾನೇ. ಅವಳು ಬಂದಿದ್ದು ನಿಜ. ಯಾರು ಕರ್ಕೊಂಡು ಬಂದ್ರು ಅನ್ನೋದನ್ನೂ ಈಯಮ್ಮಂಗೆ ಹೇಳಿ ಮೇಡಂ.”