ಎಂಬತ್ತಮೂರರ ತಾಳ

ಮನೋಹರ್ ಮದುವೆಮನೆಗಳಿಗೆ ಮೊದಲು ಕಾಲಿಟ್ಟದ್ದು ಲೈಟ್ ಹಿಡಿಯುವವನಾಗಿ. ಬೇರೆಯವರು ವಿಡಿಯೊ ತೆಗೆಯುವಾಗ ಅವರ ಹಿಂದೆ ಸುಡುವ ಲೈಟ್ ಹೊತ್ತು ನಿಂತು, ಬೆವರಿ, ಕೊನೇ ಪಂಕ್ತಿಯಲ್ಲಿ ಉಂಡು ಮನೆ ಸೇರುತ್ತಿದ್ದ. ಎರಡು ಸಾವಿರದ ಒಂದನೇ ಇಸವಿಯ ಹೊತ್ತಿಗೆ ಸಿದ್ಧಾರ್ಥನಗರದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅವನದೇ ಕ್ಯಾಮರಾ, ಅವನದೇ ಕಂಪ್ಯೂಟರ್ ಇದ್ದವು. ಆ ಕಾಲದ ಮದುವೆ ವಿಡಿಯೊಗಳು ನಿಮಗೂ ನೆನಪಿರಬೇಕು. ತಾಳಿ ಕಟ್ಟುವಾಗ ಮೇಲಿಂದ ಗುಲಾಬಿ ಉದುರಬೇಕು, ಗಂಡುಹೆಣ್ಣು ಒಂದು ಹೃದಯದೊಳಗಿಂದ ಗಿರಗಿರನೆ ತಿರುಗುತ್ತ ಬರಬೇಕು. ಆ ಗುಲಾಬಿ ಉದುರಿಸಲು ಮನೋಹರನ ಕಂಪ್ಯೂಟರ್ ಇಡೀ ದಿನ ತಿಣುಕುತ್ತಿತ್ತು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲ ಹೂವಿನಿಂದ ಶುರು.

ದುಬಾರಿ ಪ್ರೊಸೆಸರ್ ಅವನ ಕೈಗೆ ಎಟುಕುವಂಥದ್ದಲ್ಲ. ಅಗ್ಗದ ಪ್ರೊಸೆಸರನ್ನೇ ಅದರ ಮಿತಿ ಮೀರಿ ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ ಎಂದು ಯಾವುದೋ ಕಂಪ್ಯೂಟರ್ ಪತ್ರಿಕೆಯಲ್ಲಿ ಓದಿದ. ಅಲ್ಲಿಂದ ಹುಚ್ಚು ಹಿಡಿಯಿತು. ಹೆಣ್ಣು ನೋಡಲು ಬರುವ ಮುಂಚೆಯೂ ಈ ಮಹಾರಾಯ ಇಷ್ಟು ವಿಚಾರಿಸಿರಲಿಲ್ಲ ಎಂದು ಹೆಂಡತಿ ಧರಣಿ ಆಡಿಕೊಳ್ಳುತ್ತಿದ್ದಳು. ಸೆಲೆರಾನ್ ಐನೂರ ಅರವತ್ತಾರು ಎಂಬ ಪ್ರೊಸೆಸರ್ ಗೊತ್ತಾಯಿತು. ಅದು ಮದರ್‌ಬೋರ್ಡು ಹಾಕುವ ಅರವತ್ತಾರು ಮೆಗಾಹರ್ಟ್ಸಿನ ತಾಳಕ್ಕೆ ಕುಣಿಯುವಂಥದ್ದು. ತಾಳ ಏರಿಸಿದರೆ ಕುಣಿತವೂ ಏರುತ್ತದೆ. ತಾಳ ಏರಿಸಲು ಬಿಡುವ ಮದರ್‌ಬೋರ್ಡ್ ಬೇಕು, ಅದನ್ನು ತಡೆದುಕೊಳ್ಳುವ ಮೆಮೊರಿ ಬೇಕು. ಕಾವು ಎಳೆಯಲು ದಪ್ಪನೆಯ ಹೀಟ್‌ಸಿಂಕು, ಅದರ ಮೇಲೊಂದು ಗಟ್ಟಿ ಫ್ಯಾನು, ಕರೆಂಟನ್ನು ಹದವಾಗಿ ಕೊಡುವ ಎಸ್‌ಎಂಪಿಎಸ್ಸು ಬೇಕು. ಬೆಂಗಳೂರಿನ ಎಸ್.ಪಿ. ರೋಡಿಗೆ ಮತ್ತೆ ಮತ್ತೆ ಹೋಗಿ, ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಒಂದೊಂದನ್ನೂ ತಿರುಗಿಸಿ ನೋಡಿ ತಂದ. ಹಾರ್ಡ್ ಡಿಸ್ಕ್ ಮಾತ್ರ ಹಳೆಯದೇ ಉಳಿಯಿತು. ಅದು ಬರೀ ಸಾಮಾನು ತುಂಬುವ ಉಗ್ರಾಣ, ಅದಕ್ಕೂ ವೇಗಕ್ಕೂ ಏನು ಸಂಬಂಧ ಅಂದುಕೊಂಡ.

ನೂರರ ತಾಳಕ್ಕೆ ಹಾಕಿದ. ಪರದೆ ಕಪ್ಪಾಗಿಯೇ ಉಳಿಯಿತು. ವೋಲ್ಟೇಜ್ ಏರಿಸಿದ, ಫ್ಯಾನ್ ಬದಲಿಸಿದ, ಊಹೂಂ. ಕೊನೆಗೆ ನಡುವಿನ ಎಂಬತ್ತಮೂರಕ್ಕೆ ಇಳಿಸಿದಾಗ ಮಿಷಿನ್ ಎದ್ದು ಕೂತಿತು. ಹಗಲೆಲ್ಲ ಓಡಿಸಿದರೂ ಕೈಕೊಡಲಿಲ್ಲ.

"ನೋಡೇ ಧರಣಿ, ಮುಟ್ನೋಡು, ಬಿಸೀನೇ ಇಲ್ಲ!"

"ಇರೋ ವೇಗ ಸಾಲ್ದಾಗಿತ್ತೇನ್ರೀ? ನಿಧಾನಕ್ಕೆ ಉದುರಿದ್ರೆ ಆ ಗುಲಾಬಿ ಬಾಡೋಗ್ತಿತ್ತಾ?"

ಹೊಸ ಮಿಷಿನ್ನಿಗೆ ಮೊದಲು ಇಳಿದದ್ದು ಯಾದವಗಿರಿಯ ಚನ್ನಬಸವಯ್ಯನವರ ಮಗಳ ಮದುವೆ. "ಗುಲಾಬಿ ಗಿಲಾಬಿ ಏನೂ ಬೇಡ ಕಣಯ್ಯ, ನಮ್ ಮುಖ ಕಂಡ್ರೆ ಸಾಕು" ಎಂದು ಅವರು ಮೊದಲೇ ಹೇಳಿದ್ದರು. ಅವರ ಮಾತಿನಂತೆ ಮಾಡಿದ್ದರೆ ಕ್ಯಾಸೆಟ್ ಅದೇ ವಾರ ಅವರ ಮನೆಯಲ್ಲಿರುತ್ತಿತ್ತು. ಆದರೆ ಇಂಥ ಮಿಷಿನ್ ಇಟ್ಟುಕೊಂಡು ಗುಲಾಬಿ ಉದುರಿಸದೆ ಇರಲು ಮನೋಹರನಿಗೆ ಮನಸ್ಸು ಒಪ್ಪಲಿಲ್ಲ. ಲಗ್ನದ ತಿಂಗಳು ಬೇರೆ. ಆ ಕಸುಬಿನವರೆಲ್ಲ ಮಾಡುವಂತೆ ಮದುವೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಕ್ಯಾಮರಾದ ಅದೇ ಕ್ಯಾಸೆಟ್ ಹಿಡಿದು ಮುಂದಿನ ಮುಹೂರ್ತಕ್ಕೆ ಹೊರಟ. ಹಳೇ ಮದುವೆಯ ಮೇಲೆ ಹೊಸ ಮದುವೆ ಕೂತಿತು. ಇತ್ತ ಅವನು ಪರದೆಯ ಮೇಲೆ ಹೂವು ಜೋಡಿಸುತ್ತಿರುವಾಗಲೇ ಅತ್ತ ಚನ್ನಬಸವಯ್ಯ ಎದೆ ಹಿಡಿದುಕೊಂಡು ಕುಸಿದು, ತೀರಿಕೊಂಡರು.

ಶಿವಗಣಾರಾಧನೆ ಮುಗಿದ ಮೇಲೆ ಅವರ ಹೆಂಡತಿ ಸುಮಿತ್ರಮ್ಮ ತಾವೇ ಆಟೊ ಮಾಡಿಕೊಂಡು ಬಂದರು.

"ಫೋಟೊ ಬೇಕಾದಷ್ಟಿದೆ ಕಣಪ್ಪ. ಫೋಟೊ ಮಾತಾಡಲ್ವಲ್ಲ. ಅವ್ರ ದನಿ ಕೇಳ್ಬೇಕು ನಂಗೆ. ನಿನ್ ಹತ್ರ ಬಿಟ್ರೆ ಇನ್ನೆಲ್ಲೂ ಇಲ್ಲ."

"ನಾನೇ ತಂದ್ಕೊಡ್ತೀನಮ್ಮ, ನೀವ್ಯಾಕೆ ಬರೋಕೋದ್ರಿ" ಎಂದ ಮನೋಹರ್.

ಅವರನ್ನು ಕಳಿಸಿ ಬಂದು ಫೈಲ್ ತೆರೆದ. ಧಾರೆಯ ಹೊತ್ತಿಗೆ ಚಿತ್ರವೆಲ್ಲ ಚೌಕ ಚೌಕವಾಗಿ ಒಡೆಯಿತು. ಮತ್ತೆ ತೆರೆದರೆ ತೆರೆಯಲೇ ಇಲ್ಲ. ಮಿಷಿನ್ ಆರಿಸಿ ಹಚ್ಚಿದ ಮೇಲೆ ಡಿಸ್ಕಿನಲ್ಲಿ ಮದುವೆಯ ಹೆಸರೂ ಇರಲಿಲ್ಲ, ಅದರ ಜಾಗದಲ್ಲಿ ಓದಲಾಗದ ಗೀಚು. ಎಸ್‌ಟಿಡಿ ಬೂತಿಗೆ ಓಡಿ ಎಸ್.ಪಿ. ರೋಡಿನ ಅಂಗಡಿಯವನಿಗೆ ಫೋನ್ ಮಾಡಿದ.

"ಎಂಬತ್ಮೂರಲ್ಲಿ ಓಡಿಸ್ತಿದ್ರಾ? ಅಯ್ಯೋ, ನೂರಾಗಿದ್ರೆ ಬೋರ್ಡು ಡಿಸ್ಕನ್ನ ಅದರ ಮಾಮೂಲಿ ವೇಗದಲ್ಲೇ ಬಿಟ್ಬುಡುತ್ತೆ ಸಾರ್. ಎಂಬತ್ಮೂರಲ್ಲಿ ಡಿಸ್ಕಿನ ದಾರಿನೂ ಮಿತಿ ಮೀರಿ ಓಡುತ್ತೆ. ಬರೆದಿದ್ದೆಲ್ಲ ಕಲಸೋಗುತ್ತೆ."

ಮನೆಗೆ ಬಂದು ತಾಳವನ್ನು ಅರವತ್ತಾರಕ್ಕೆ ಇಳಿಸಿದ. ಹಾಲು ಒಡೆದ ಮೇಲೆ ಒಲೆ ಆರಿಸಿದ ಹಾಗಾಯಿತು. ಗೊತ್ತಿದ್ದವರನ್ನೆಲ್ಲ ಕೇಳಿದ, ಎಲ್ಲರೂ ಕೈಚೆಲ್ಲಿಬಿಟ್ಟರು. ಆರಿಸಿ ಆರಿಸಿ ತಂದ ಆ ಸಾಮಾನುಗಳನ್ನು ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು. ಎಸೆದರೂ ಸತ್ತವರ ದನಿ ಬರುವುದಿಲ್ಲವಲ್ಲ.

ಕೊನೆಗೆ ಆ ಕ್ಯಾಸೆಟ್ಟನ್ನೇ ಕ್ಯಾಮರಾಕ್ಕೆ ಹಾಕಿ ತಿರುವಿದ. ಎರಡನೇ ಮದುವೆ ಸ್ವಲ್ಪ ಚಿಕ್ಕದು. ಅದು ಮುಗಿದ ಮೇಲೆ, ಕ್ಯಾಸೆಟ್ಟಿನ ಬಾಲದಲ್ಲಿ, ಹಳೇ ಮದುವೆಯ ಒಂದು ತುಣುಕು ಅಳಿಯದೆ ಉಳಿದಿತ್ತು.

ಕ್ಯಾಮರಾ ಹೊತ್ತುಕೊಂಡು ಯಾದವಗಿರಿಗೆ ಹೋಗಿ, ಸುಮಿತ್ರಮ್ಮನಿಗೆ ನಡೆದದ್ದೆಲ್ಲ ಹೇಳಿದ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇರೋದನ್ನ ಹಾಕಪ್ಪ" ಎಂದು ಟಿವಿಯ ಮುಂದೆ ನೆಲದ ಮೇಲೆ ಕೂತರು.

ಊಟದ ಮನೆ ಕಾಣಿಸಿತು. ಚನ್ನಬಸವಯ್ಯ ಪಾಯಸದ ಬಕೆಟ್ ಹಿಡಿದು ನೇರ ಕ್ಯಾಮರಾದ ಕಡೆಗೇ ಬಂದರು. "ಏಯ್ ಮನೋಹರ, ಎಷ್ಟೊತ್ತಾಯ್ತೋ ನೀನು ನಿಂತು? ಅದನ್ನ ಆಫ್ ಮಾಡು, ಮೊದ್ಲು ಉಂಡ್ಬುಡು ಬಾ." ಚಿತ್ರ ನಿಂತಿತು.

"ಆಮೇಲೆ?" ಅಂದರು ಸುಮಿತ್ರಮ್ಮ.

"ಆಮೇಲೆ... ಊಟಕ್ಕೆ ಹೋದೆ ಅಮ್ಮ."

"ಇನ್ನೊಂದ್ಸಲ ಹಾಕು."

ಹಾಕಿದ. ಮತ್ತೊಮ್ಮೆ ಕೇಳಿದರು, ಮತ್ತೊಮ್ಮೆ ಹಾಕಿದ. ಚನ್ನಬಸವಯ್ಯ ಬಕೆಟ್ ಹಿಡಿದು ಬರುವಾಗೆಲ್ಲ, ಈ ಸಲವಾದರೂ ಅವರ ಮಾತು ಕೇಳಬೇಡವೋ, ಕ್ಯಾಮರಾ ಆರಿಸಬೇಡವೋ ಎಂದು ಮನೋಹರ್ ಒಳಗೊಳಗೇ ತನ್ನನ್ನು ತಾನೇ ಗೋಗರೆಯುತ್ತಿದ್ದ. ಪ್ರತಿ ಸಲವೂ ಅವನು ಹಿರಿಯರ ಮಾತು ಕೇಳಿ ಊಟಕ್ಕೆ ಹೋಗುತ್ತಿದ್ದ.